ನಾಲ್ಕೂರಿನ ಹುಡುಗಿಯೂ ನಮ್ಮ ಮನೆಯ ಈಳಿಗೆಮಣೆಯೂ

ಇದನ್ನು ಬರೆಯಲು ನನಗೆ ಅಪ್ಪಣೆ ಕೊಟ್ಟವಳು ಹದಿನಾರು ವರ್ಷದ ಒಬ್ಬ ಹುಡುಗಿ. ಅಪ್ಪಣೆಯ ಜೊತೆಗೆ ಷರತ್ತನ್ನೂ ಹಾಕಿದ್ದಾಳೆ. "ಹೆಸರು ಯಾರದ್ದೂ ಬರೀಬೇಡ್ರಿ ಸಾರ್. ಊರು ಮಾತ್ರ ನಾಲ್ಕೂ ಬರೀರಿ. ಒಂದು ಬಿಟ್ಟರೂ ನಾನು ಒಪ್ಪಲ್ಲ." ಆದ್ದರಿಂದ ಮೊದಲೇ ಬರೆದು ಕೈ ತೊಳೆದುಕೊಳ್ಳುತ್ತೇನೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಕರಾರು ಪೂರೈಸಿತು. ಇನ್ನು ನಿಶ್ಚಿಂತೆಯಿಂದ ಮುಂದುವರಿಯಬಹುದು.

ನಾನು ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಿವೃತ್ತಿಯಾದ ಎರಡನೆಯ ವಾರಕ್ಕೆ, ನಾನು ದಿನವಿಡೀ ಮನೆಯಲ್ಲಿರುವುದು ಮನೆಯ ಆರೋಗ್ಯಕ್ಕೆ ಹಿತವಲ್ಲವೆಂದು ನನ್ನ ಹೆಂಡತಿಗೆ ಖಚಿತವಾಯಿತು. ಹದಿಹರೆಯದ ಮಕ್ಕಳ ಆಪ್ತಸಮಾಲೋಚನೆಗೆ ಅನುಭವಸ್ಥರು ಬೇಕಾಗಿದ್ದಾರೆ ಎಂಬ ನಾಲ್ಕು ಸಾಲಿನ ಪ್ರಕಟಣೆಯನ್ನು ಪೇಪರಿನಿಂದ ಕತ್ತರಿಸಿ, ನನ್ನ ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟವಳು ಅವಳೇ. ಅರ್ಜಿ ಬರೆದವಳೂ ಅವಳೇ. ನಾನು ಸಹಿ ಹಾಕಿದೆ, ಅಷ್ಟೆ.

ದಾವಣಗೆರೆಯಲ್ಲಿ ಇಪ್ಪತ್ತೊಂದು ದಿನದ ತರಬೇತಿ. ಕಲಿಸಿದವರು ಮನೋವೈದ್ಯೆ, ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು. ಮೊದಲ ದಿನವೇ ನನ್ನ ಕಡೆ ನೋಡಿ ಹೇಳಿದರು:

"ಸರ್, ಇಲ್ಲಿ ಬುದ್ಧಿ ಹೇಳಬಾರದು."

"ಸಣ್ಣದೊಂದು?"

"ಸಣ್ಣದೂ ಬೇಡ. ಕೇಳಿಸಿಕೊಳ್ಳಬೇಕು. ತಲೆಯಾಡಿಸಬೇಕು. 'ಹೂಂ, ಆಮೇಲೆ?' ಅನ್ನಬೇಕು."

ಬುದ್ಧಿ ಹೇಳಿಯೇ ಹೊಟ್ಟೆ ಹೊರೆದುಕೊಂಡ ಮನುಷ್ಯನಿಗೆ ಇದು ಎಂಥ ಶಿಕ್ಷೆಯೆಂದು ಡಾಕ್ಟರಮ್ಮನಿಗೆ ಹೇಗೆ ತಿಳಿಯಬೇಕು? ಆದರೂ ಹಿಡಿದ ಕೆಲಸ ಬಿಡುವ ಪೈಕಿ ನಾನಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ತಲೆಯಾಡಿಸುವುದನ್ನು ಅಭ್ಯಾಸ ಮಾಡಿದೆ. ಮೂರನೆಯ ದಿನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಏನ್ರೀ, ಕುತ್ತಿಗೆ ಉಳುಕೈತಾ? ಎಣ್ಣೆ ಬಿಸಿ ಮಾಡ್ಲಾ?" ಎಂದಳು. ನಾನು ಅವಳ ಕಡೆ ತಿರುಗಿ, ಶಾಸ್ತ್ರೋಕ್ತವಾಗಿ, "ಹೂಂ, ಆಮೇಲೆ?" ಎಂದೆ. ಆಮೇಲೆ ಆಕೆ ಹೇಳಿದ್ದು ಇಲ್ಲಿ ಅಪ್ರಸ್ತುತ.

ಹೀಗೆ ನಾನು ಸಂಚಾರಿ ಆಪ್ತಸಮಾಲೋಚಕನಾದೆ. ಸೋಮವಾರ ಚನ್ನಗಿರಿ, ಅಲ್ಲಿಯೇ ನಮ್ಮ ಮನೆ. ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು. ಶುಕ್ರವಾರ ದಾವಣಗೆರೆಗೆ ಹೋಗಿ ಡಾಕ್ಟರಮ್ಮನ ಮುಂದೆ ವಾರದ ಫೈಲುಗಳನ್ನಿಟ್ಟು ಬೈಸಿಕೊಳ್ಳುವುದು. ಪ್ರತಿ ಊರಲ್ಲೂ ಸರ್ಕಾರಿ ಆಸ್ಪತ್ರೆಯ ಒಂದು ಕೊಠಡಿ, ಎರಡು ಕುರ್ಚಿ, ಒಂದು ಮೇಜು, ಸುತ್ತದ ಒಂದು ಫ್ಯಾನು. ಸಾಮ್ರಾಜ್ಯ ದೊಡ್ಡದು, ವೈಭವ ಅಷ್ಟಕ್ಕಷ್ಟೆ.

ಹುಡುಗಿ ಬಂದದ್ದು ಚನ್ನಗಿರಿಯ ಒಂದು ಸೋಮವಾರ. ಆಗ ಅವಳು ಒಂಬತ್ತನೆಯ ತರಗತಿ. ಕೈಯಲ್ಲಿ ಹೆಡ್‌ಮಾಸ್ತರ ಪತ್ರ. ಪತ್ರದ ಒಕ್ಕಣೆ ಹೀಗಿತ್ತು: "ಸದರಿ ವಿದ್ಯಾರ್ಥಿನಿಗೆ ಸುಳ್ಳು ಹೇಳುವ ಕಾಯಿಲೆ ಇರುತ್ತದೆ. ತನ್ನ ಊರು ಯಾವುದೆಂದು ಕ್ಲಾಸ್ ಟೀಚರಿಗೆ ಜಗಳೂರೆಂದೂ, ಪಿ.ಟಿ. ಮಾಸ್ತರಿಗೆ ನ್ಯಾಮತಿಯೆಂದೂ, ಬಿಸಿಯೂಟದವರಿಗೆ ಹೊನ್ನಾಳಿಯೆಂದೂ, ನನಗೆ ಇಲ್ಲಿಯೇ ಎಂದೂ ತಿಳಿಸಿರುತ್ತಾಳೆ. ವಾಸ್ತವದಲ್ಲಿ ಉತ್ತರ ಪ್ರದೇಶದವರೆಂದು ತಂದೆ ಒಪ್ಪಿರುತ್ತಾರೆ. ಪರಿಶೀಲಿಸಿ, ಸರಿಪಡಿಸಿ, ಕಳುಹಿಸಿಕೊಡುವುದು." ಕೆಟ್ಟ ಮಿಕ್ಸಿಯನ್ನು ರಿಪೇರಿಗೆ ಕಳಿಸುವಾಗಲೂ ಇದಕ್ಕಿಂತ ನಾಲ್ಕು ಮೃದು ಮಾತು ಬರೆಯುತ್ತಾರೆ.

ಹುಡುಗಿ ಕುರ್ಚಿಯ ತುದಿಯಲ್ಲಿ ಕುಳಿತಳು. ನಾನು ನಮೂನೆ ತೆಗೆದೆ. ಮೂರನೆಯ ಕಾಲಮ್ಮು: ಸ್ವಂತ ಊರು. ನಮ್ಮ ಕಡೆ ಎದುರಿಗೆ ಕುಳಿತವರ ಊರು ತಿಳಿಯುವವರೆಗೆ ಮಾತು ಗೇರಿಗೆ ಬೀಳುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಸೀಟು ಸರಿಮಾಡಿಕೊಳ್ಳುವ ಮೊದಲೇ "ಯಾವೂರಾತ್ರೀ ನಿಮ್ದು?" ಎನ್ನುತ್ತಾರೆ. ಊರು ಹೇಳಿದರೆ "ಯಾರ ಪೈಕಿ?" ಎನ್ನುತ್ತಾರೆ. ಪೈಕಿಯೂ ಹೇಳಿದರೆ ಇಬ್ಬರಿಗೂ ಗೊತ್ತಿರುವ ಒಬ್ಬ ಮುದುಕನನ್ನು ಹುಡುಕಿ ತೆಗೆದು, ಅವನು ಇನ್ನೂ ಇದ್ದಾನೋ ಇಲ್ಲವೋ ಎಂದು ವಿಚಾರಿಸುತ್ತಾರೆ. ಅಲ್ಲಿಗೆ ಪರಿಚಯ ಪೂರ್ತಿಯಾದಂತೆ. ನಾನೂ ಇದೇ ಮಣ್ಣಿನವನು, ಕೇಳಿಯೇ ಬಿಟ್ಟೆ.

"ಯಾವೂರಮ್ಮ ನಿನ್ನದು?"

ಅವಳು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. "ಹೊನ್ನಾಳಿ ಸಾರ್."

ತಗಾದೆ ಮಾಡಬಾರದು, ಒಪ್ಪಿಕೊಳ್ಳಬೇಕು ಎಂಬುದು ತರಬೇತಿಯ ಏಳನೆಯ ದಿನದ ಪಾಠ. ಗಂಭೀರವಾಗಿ ತಲೆಯಾಡಿಸಿ ಬರೆದುಕೊಂಡೆ. ಮುಂದಿನ ಸೋಮವಾರ ಅವಳು ನ್ಯಾಮತಿ ಎಂದಳು. ಹೊನ್ನಾಳಿಯ ಫೈಲಿನಲ್ಲಿ ನ್ಯಾಮತಿ ಬರೆಯುವುದು ಕ್ರಮವಲ್ಲವೆಂದು ಹೊಸ ಫೈಲು ತೆರೆದೆ. ಮೂರನೆಯ ವಾರ ಜಗಳೂರು, ನಾಲ್ಕನೆಯ ವಾರ ಚನ್ನಗಿರಿ. ಶುಕ್ರವಾರ ಡಾಕ್ಟರಮ್ಮ ನಾಲ್ಕು ಫೈಲನ್ನೂ ಮೇಜಿನ ಮೇಲೆ ಹರಡಿಕೊಂಡು ಕೇಳಿದರು:

"ನಾಲ್ಕು ಮಕ್ಕಳನ್ನ ನೋಡ್ತಿದ್ದೀರಾ ಸರ್?"

"ಮಗು ಒಂದೇ ತಾಯಿ. ಊರು ನಾಲ್ಕು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಡಾಕ್ಟರಾದರು. "ಆ ವಯಸ್ಸಿಗೆ ನಾನ್ಯಾರು ಅನ್ನೋದನ್ನ ಹುಡುಕೋದೇ ಒಂದು ಕೆಲಸ ಸರ್. ಬೇರೆ ಕಡೆಯಿಂದ ಬಂದವರ ಮನೆ ಮಕ್ಕಳಿಗೆ ಅದೇ ಕೆಲಸ ಡಬಲ್ ಡ್ಯೂಟಿ. ನೀವು ಸುಳ್ಳನ್ನ ನಿಲ್ಲಿಸೋಕೆ ಹೋಗಬೇಡಿ. ಆ ಸುಳ್ಳು ಅವಳಿಗೆ ಏನು ಮಾಡಿಕೊಡ್ತಿದೆ ಅಂತ ನೋಡಿ."

ಐದನೆಯ ಸೋಮವಾರ ನಾನು ಹೊಸ ಫೈಲು ತೆರೆಯಲಿಲ್ಲ. ಹಳೆಯ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿಟ್ಟು, "ಇವತ್ತು ಯಾವುದರಲ್ಲಿ ಬರೆಯಲಮ್ಮ?" ಎಂದು ಕೇಳಿದೆ. ಅವಳು ನಾಲ್ಕನ್ನೂ ನೋಡಿದಳು. ತುಟಿಯ ಒಂದು ಮೂಲೆ ಅಲುಗಿತು.

"ಸಾರ್, ನೀವು ನಿಜವಾಗ್ಲೂ ನಾಲ್ಕು ಮಾಡಿದ್ರಾ?"

"ಸರ್ಕಾರಿ ಅಭ್ಯಾಸ. ಯಾರಾದರೂ ಊರು ಕೇಳಿದಾಗ ನಿನಗೆ ಏನಾಗುತ್ತೆ, ಹೇಳು."

"ಅವ್ರ ಮುಖ ನೋಡ್ತೀನಿ ಸಾರ್. ಯಾವ ಊರು ಹೇಳಿದ್ರೆ ಈ ಮುಖ ಸಡ್ಲ ಆಗ್ತೈತೆ ಅಂತ ನೋಡ್ತೀನಿ. ಅವ್ರು ಕೇಳೋದು ಊರಲ್ಲ. ಇವ್ಳ ಹತ್ರ ಮುಂದಕ್ಕೆ ಮಾತಾಡಬೋದಾ ಬ್ಯಾಡ್ವಾ ಅಂತ ಕೇಳ್ತಾರೆ."

ಮೂವತ್ತಾರು ವರ್ಷದಲ್ಲಿ ನಾನು ವಾರ್ಷಿಕೋತ್ಸವದ ಭಾಷಣಗಳಲ್ಲಿ ಹೇಳಿದ್ದೆಲ್ಲವನ್ನೂ ಕೂಡಿಸಿದರೂ ಇಷ್ಟು ತೂಕ ಬರಲಿಕ್ಕಿಲ್ಲ. ಆದರೆ ತರಬೇತಿ ತರಬೇತಿಯೇ. "ಹೂಂ, ಆಮೇಲೆ?" ಎಂದೆ.

"ಯು.ಪಿ. ಅಂದ್ರೆ ಹಿಂದಿ ಶುರು ಹಚ್ಕೊಂತಾರೆ ಸಾರ್. ನಾನು ಕನ್ನಡದಾಗೇ ಮಾತಾಡ್ತಿರ್ತೀನಿ, ಅವ್ರು ಬಿಡಂಗಿಲ್ಲ. ಜೋರಾಗಿ ಬ್ಯಾರೆ ಮಾತಾಡ್ತಾರೆ, ನನಗೆ ಕಿವಿ ಕೇಳಂಗಿಲ್ಲೇನೋ ಅನ್ನಂಗೆ. ನಮ್ಮ ಪಿ.ಟಿ. ಸಾರ್ ಹಿಂದಿ ಕೇಳೀರಾ? ಅದನ್ನ ತಡಕೊಳ್ಳಾಕೆ ಆಗಲ್ಲ ಸಾರ್. ಅದಕ್ಕೇ ನ್ಯಾಮತಿ ಅಂದೆ."

"ನಿಜ ಹೇಳಿಬಿಟ್ಟರೆ..." ಎಂದು ನನ್ನ ಬಾಯಿಂದ ಬುದ್ಧಿಯ ತುದಿ ಹೊರಬಿದ್ದೇ ಬಿಟ್ಟಿತು.

"ಯಾವ ನಿಜ ಸಾರ್?" ಹುಡುಗಿ ಬೆರಳು ಮಡಿಚಿದಳು. "ಹುಟ್ಟಿದ್ದು ಹೊನ್ನಾಳಿ ಆಸ್ಪತ್ರ್ಯಾಗೆ. ಮೊದಲ ಹಲ್ಲು ಬಿದ್ದಿದ್ದು ನ್ಯಾಮತ್ಯಾಗೆ, ಮಾಳಿಗಿ ಮ್ಯಾಲೆ ಎಸ್ದೀವಿ, ಇನ್ನೂ ಅಲ್ಲೇ ಇರ್ಬೇಕು. ಅ ಆ ಇ ಈ ಕಲ್ತಿದ್ದು ಜಗಳೂರಾಗೆ. ಈಗ ಇರೋದು ಇಲ್ಲಿ. ಅಬ್ಬಾನ ಊರಿಗೆ ಹೋಗಿರೋದು ಒಂದೇ ಸತಿ, ಕಾಕಾನ ಮದುವಿಗೆ. ಅಲ್ಲಿ ಹುಡುಗೀರೆಲ್ಲ ನನ್ನ ಹಿಂದಿ ಕೇಳಿ ಬಿದ್ದು ಬಿದ್ದು ನಕ್ಕರು. ಮದ್ರಾಸಿ ಅಂತ ಹೆಸರಿಟ್ರು. ಅಲ್ಲಿ ನಾನು ಕನ್ನಡದೋಳು, ಇಲ್ಲಿ ಹಿಂದಿಯೋಳು. ರೈಲಿನಾಗಿದ್ದಾಗ ಮಾತ್ರ ಸರಿಯಾಗಿದ್ದೆ ಸಾರ್."

ನಾನು ತಲೆಯಾಡಿಸಲಿಲ್ಲ. ಮರೆತುಹೋಯಿತು.

ಆಗ ಅವಳು ನಿಜವಾದ ಸಂಗತಿ ಹೇಳಿದಳು. ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿ ದೂರಿದ್ದರು. ಅಪ್ಪ ಸಿಟ್ಟಾಗಿದ್ದರು. ವಾರ್ಷಿಕ ಪರೀಕ್ಷೆಯೊಳಗೆ ಮಗಳು ಊರಿನ ವಿಷಯದಲ್ಲಿ ಸುಳ್ಳು ಹೇಳುವುದನ್ನು ಬಿಡದಿದ್ದರೆ ರೈಲು ಹತ್ತಿಸಿ ದಾದಿಯ ಹತ್ತಿರ, ಅಂದರೆ ಅಜ್ಜಿಯ ಹತ್ತಿರ, ಕಳಿಸಿಬಿಡುವುದು; ಹತ್ತನೆಯ ತರಗತಿ ಅಲ್ಲಿಯೇ. ಹಿಂದಿಯನ್ನು ಕೂಡಿಸಿ ಕೂಡಿಸಿ ಓದುವ ಹುಡುಗಿ ಅಲ್ಲಿ ಹತ್ತನೆಯದನ್ನು ಬರೆಯುವುದೆಂದರೆ ಓದಿಗೆ ಅಲ್ಲಿಗೇ ಮಂಗಳ ಹಾಡಿದಂತೆ. ಅವಳಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು.

"ನಿಮ್ಮ ತಂದೆಯನ್ನ ಒಂದು ಸಲ ಕರ್ಕೊಂಡು ಬಾಮ್ಮ."

"ಅಬ್ಬಾ ಊರಾಗೆ ಎಲ್ಲಿರ್ತಾರೆ ಸಾರ್? ಸಾಣೆ ಹಿಡಿಯೋರು. ಟಿವಿಎಸ್ ಗಾಡಿಗೆ ಚಕ್ರ ಕಟ್ಕೊಂಡು ತಿರುಗ್ತಾರೆ. ಸೋಮವಾರ ಇಲ್ಲಿ, ಮಂಗಳವಾರ ಹೊನ್ನಾಳಿ..." ಅವಳು ನಿಲ್ಲಿಸಿ, ನನ್ನನ್ನೂ ಗೋಡೆಯ ಮೇಲಿನ ನನ್ನ ವೇಳಾಪಟ್ಟಿಯನ್ನೂ ನೋಡಿದಳು. "ನೀವೂ ಅಬ್ಬಾನೂ ಒಂದೇ ರೂಟು ಸಾರ್!"

ಇಲ್ಲಿಂದ ಮುಂದಿನದಕ್ಕೆ ತರಬೇತಿಯಲ್ಲಿ ಯಾವ ಆಧಾರವೂ ಇಲ್ಲ. ಕುಟುಂಬದ ಹಿನ್ನೆಲೆಯನ್ನು ಅರಿಯಬೇಕು ಎಂಬ ಹದಿಮೂರನೆಯ ದಿನದ ವಾಕ್ಯವೊಂದನ್ನು ನಾನು ನನ್ನ ಅನುಕೂಲಕ್ಕೆ ಎಳೆದುಕೊಂಡೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ಮುಂದಿನ ಸೋಮವಾರ ಬೆಳಿಗ್ಗೆ, ನಮ್ಮ ಮನೆಯ ಈಳಿಗೆಮಣೆ ಮೊಂಡಾಗಿದೆಯೆಂದು ಹೆಂಡತಿ ಗೊಣಗುತ್ತಿದ್ದಳು. ನಾನು ತ್ಯಾಗಮಯಿಯ ದನಿಯಲ್ಲಿ, "ಕೊಡು, ಸಾಣೆ ಹಿಡಿಸಿಕೊಂಡು ಬರ್ತೀನಿ" ಎಂದೆ. ಮದುವೆಯಾದಾಗಿನಿಂದ ಕೇಳದ ಮಾತು ಕೇಳಿ ಆಕೆ ನನ್ನ ಹಣೆ ಮುಟ್ಟಿ ನೋಡಿದಳು.

ಸಾಣೆ ಸಾಹೇಬರು ಅಡಿಕೆ ಮಂಡಿಗಳಿರುವ ರಸ್ತೆಯ ಬದಿಯಲ್ಲಿ ಸಿಕ್ಕರು. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಗಾಡಿಯ ಹಿಂದೆ ಚಕ್ರ; ಚಕ್ರದ ಕೆಳಗೆ ನೀಲಿ ಡಬ್ಬ; ಡಬ್ಬದ ಮೇಲೆ ಮಗಳ ಕೈಬರಹದಲ್ಲಿ "ಇಲ್ಲಿ ಸಾಣೆ ಹಿಡಿಯಲಾಗುವುದು." ಶುರುವಿನಲ್ಲಿ ದೊಡ್ಡ ದೊಡ್ಡ ಅಕ್ಷರ ಬರೆದು, ಬಲಗಡೆ ಜಾಗ ಸಾಲದೆ "ವುದು" ಇರುವೆಯಷ್ಟಾಗಿತ್ತು. ಅಡಿಕೆ ಸುಲಿಯುವ ಹೆಂಗಸರು ತಮ್ಮ ಕತ್ತಿಗಳನ್ನು ಹಿಡಿದು ಸರದಿಯಲ್ಲಿ ನಿಂತಿದ್ದರು. ನಾನು ಈಳಿಗೆಮಣೆಯನ್ನು ಎದೆಗವಚಿಕೊಂಡು ಅವರ ಹಿಂದೆ ನಿಂತೆ.

"ಯಾವೂರು ಸಾಬ್ರೆ ನಿಮ್ದು?" ಎಂದಳೊಬ್ಬ ಹೆಂಗಸು.

"ಇಲ್ಲೇ ಅಮ್ಮ, ಹೊನ್ನಾಳಿ ಕಡೆ."

ನನ್ನ ಕಿವಿಗಳು ನೆಟ್ಟಗಾದವು. ಮಗಳ ಮೊದಲ ಫೈಲು!

ಮಂಗಳವಾರ ಹೊನ್ನಾಳಿ ಬಸ್ಸಿಗೆ ಮತ್ತೆ ಈಳಿಗೆಮಣೆಯೊಂದಿಗೆ ಹೊರಟೆ. "ನಿನ್ನೆ ತಾನೇ ಹಿಡಿಸಿದ್ರಲ್ರೀ?" ಎಂದಳು ಹೆಂಡತಿ. "ಇನ್ನೂ ಸ್ವಲ್ಪ ಹರಿತ ಆಗಬೇಕು" ಎಂದೆ. ಕಂಡಕ್ಟರು ಟಿಕೆಟ್ ಹರಿಯುವ ಮುನ್ನ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಯಜಮಾನ್ರೇ, ಮನ್ಯಾಗೆ ಏನಾದ್ರೂ ಜಗಳ ಆಗೈತೇನು?" ಎಂದ. ಇಲ್ಲ, ಇದು ಮನೋಚಿಕಿತ್ಸೆ ಎಂದು ವಿವರಿಸಿದೆ. ಅವನು ನನ್ನ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ.

ಹೊನ್ನಾಳಿಯಲ್ಲಿ ಸಾಹೇಬರು ದರ್ಜಿ ಅಂಗಡಿಯೊಂದರ ಮುಂದೆ ಕತ್ತರಿಗಳ ನಡುವೆ ಕೂತಿದ್ದರು. ದರ್ಜಿ ಕೇಳಿದ, "ಯಾವ ಕಡೆಯೋರು ಭಾಯ್?" ಸಾಹೇಬರು ಚಕ್ರದಿಂದ ಕಣ್ಣೆತ್ತದೆ, "ಇಲ್ಲೇ ನಿಮ್ಮ ನ್ಯಾಮತಿ" ಎಂದರು. ನನ್ನ ಸರದಿ ಬಂತು. ಈಳಿಗೆ ತಿರುಗಿಸಿ ನೋಡುತ್ತ ಮಾಮೂಲಿನಂತೆ ಅವರೂ ಕೇಳಿದರು:

"ತಮ್ದು ಯಾವೂರು ಸಾರ್?"

"ಇಲ್ಲೇ. ಹೊನ್ನಾಳಿ." ಬಾಯಿಗೆ ಬಂದದ್ದು ಅದು. ಸುಳ್ಳೇನಲ್ಲ, ನನ್ನ ತಾಯಿಯ ತವರು ಇಲ್ಲಿಂದ ಎರಡು ಸ್ಟಾಪು.

ಬುಧವಾರ ನ್ಯಾಮತಿ. ಅಲ್ಲಿ ಕುಡುಗೋಲುಗಳ ರಾಶಿ. ಸೂರಗೊಂಡನಕೊಪ್ಪದ ಕಡೆಯಿಂದ ಬಂದ ಒಬ್ಬ ಅಜ್ಜಿಗೆ ಸಾಹೇಬರು ತಮ್ಮ ಊರು ಜಗಳೂರೆಂದು ಹೇಳುತ್ತಿದ್ದರು. ಅಜ್ಜಿ ಜಗಳೂರಿನ ಬಿಸಿಲಿನ ಬಗ್ಗೆ ಅನುಕಂಪ ಸೂಚಿಸಿದರು. ನನ್ನನ್ನು ಕೇಳಿದಾಗ ನಾನು ನ್ಯಾಮತಿಯವನೆಂದೆ. ಆರು ವರ್ಷ ಅಲ್ಲಿ ಪಾಠ ಹೇಳಿದವನಿಗೆ ಅಷ್ಟೂ ಹಕ್ಕಿಲ್ಲವೇ?

ಗುರುವಾರ ಜಗಳೂರು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. "ರೀ, ಅದು ಸವೆದು ಸವೆದು ಪೋಸ್ಟ್ ಕಾರ್ಡ್ ಆಗೈತೆ. ನಿನ್ನೆ ಸೌತೇಕಾಯಿ ತೋರಿಸಿದ್ದಕ್ಕೇ ಎರಡಾತು!" ಆದರೆ ವೃತ್ತಿಧರ್ಮ ದೊಡ್ಡದು. ಬಸ್ ಸ್ಟ್ಯಾಂಡಿನ ಹೊರಗೆ, ಬಿಳಿಚೋಡು ಕಡೆಯ ಕುರಿಗಾಹಿಗಳಿಬ್ಬರು ಉಣ್ಣೆ ಕತ್ತರಿಸುವ ಕತ್ತರಿಗಳನ್ನು ಸಾಹೇಬರಿಗೆ ಕೊಟ್ಟು ಬೀಡಿ ಸೇದುತ್ತಿದ್ದರು. "ನಾವು ಚನ್ನಗಿರಿಯೋರು" ಎಂದು ಸಾಹೇಬರು ಅವರಿಗೆ ಹೇಳಿದ್ದನ್ನು ಕೇಳಿ, ನಾಲ್ಕು ಫೈಲೂ ತುಂಬಿತೆಂದು ನಾನು ಒಳಗೊಳಗೇ ಕುಣಿದೆ. ಈಳಿಗೆಮಣೆಯನ್ನು ಮುಂದೆ ಚಾಚಿದೆ.

ಸಾಹೇಬರು ಅದನ್ನು ಚಕ್ರಕ್ಕೆ ಹಿಡಿಯಲಿಲ್ಲ. ಹೆಬ್ಬೆರಳಿನಿಂದ ಸವರಿದರು. ತುದಿಯ ಕಾಯಿ ತುರಿಯುವ ಹಲ್ಲುಗಳನ್ನು ಎಣಿಸಿದರು.

"ಸಾರ್, ತಮ್ದು ಯಾವೂರು?"

"ಇಲ್ಲೇ. ಜಗಳೂರಿನವನೇ." ಬಿಳಿಚೋಡು ನನ್ನ ಹೆಂಡತಿಯ ತವರು.

"ಎರಡು ಹಲ್ಲು ಮುರ್ದಿರೋ ಈಳಿಗಿ ಸಾರ್ ಇದು. ಸೋಮವಾರ ಚನ್ನಗಿರ್ಯಾಗೆ ಹಿಡ್ದೀನಿ. ಮಂಗಳವಾರ ಹೊನ್ನಾಳ್ಯಾಗೆ ಹಿಡ್ದೀನಿ, ಹೊನ್ನಾಳಿಯೋನು ಅಂದ್ರಿ. ನಿನ್ನೆ ನ್ಯಾಮತ್ಯಾಗೆ, ನ್ಯಾಮತಿ ಅಂದ್ರಿ. ಇವತ್ತು ಜಗಳೂರು." ಈಗ ಮೊದಲ ಬಾರಿಗೆ ಅವರು ನನ್ನ ಮುಖ ನೋಡಿದರು. "ಮುಖ ಮರೀತೀನಿ ಸಾರ್, ಅಲಗು ಮರೆಯಲ್ಲ. ನೀವ್ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ಜುಬ್ಬದ ಒಳಜೇಬಿಗೆ ಹೋಯಿತು. ಒಂದು ಪ್ಲಾಸ್ಟಿಕ್ ಕವರು ಹೊರಬಂತು. "ಎಲ್ಲಾ ಕಾರ್ಡೂ ಐತೆ ಸಾರ್. ಆಧಾರು, ವೋಟರು, ಬಾಡಿಗಿ ಚೀಟಿ..." ಆ ಕವರನ್ನು ಅವರು ತೆಗೆದ ವೇಗದಲ್ಲಿ ವರ್ಷಗಳ ಅಭ್ಯಾಸವಿತ್ತು. ನನ್ನೊಳಗೆ ಕುಣಿಯುತ್ತಿದ್ದವನು ಅಲ್ಲಿಯೇ ಕುಸಿದು ಕೂತ.

"ಒಳಗಿಡ್ರಿ ಸಾಬ್ರೆ. ನಾನು ಪೊಲೀಸಲ್ಲ. ನಿಮ್ಮ ಮಗಳು ಸೋಮವಾರ ಸೋಮವಾರ ಬರ್ತಾಳಲ್ಲ, ಆ ಮೇಷ್ಟ್ರು."

ಕುರಿಗಾಹಿಗಳು ಬೀಡಿ ಆರಿಸಿ ಹತ್ತಿರ ಸರಿದರು. ಇಂಥದ್ದು ಜಗಳೂರಿನಲ್ಲಿ ದಿನಾ ಸಿಗುವುದಿಲ್ಲ. ನಾಲ್ವರಿಗೂ ಚಹಾ ಬಂತು. ಯಾರು ಹೇಳಿದರೋ ಗೊತ್ತಿಲ್ಲ.

"ಸುಳ್ಳು ಹೇಳ್ತಾಳೆ ಸಾರ್ ಅವಳು," ಎಂದರು ಸಾಹೇಬರು. "ಅಷ್ಟೇ ನನ್ನ ಸಿಟ್ಟು."

"ಸೋಮವಾರ ನೀವು ಯಾವೂರೋರು ಸಾಬ್ರೆ?"

ಸಾಹೇಬರು ಚಹಾದ ಲೋಟ ನೋಡಿದರು. "ಅದು... ಹೊನ್ನಾಳಿ."

"ಮಂಗಳವಾರ?"

"ಅದು ಸುಳ್ಳಲ್ಲ ಸಾರ್, ಅದು ಕಸುಬು! ನಾನು ಕತ್ತಿ ಹಿಡಿಯೋನು. ಎಲ್ಲಿಂದಲೋ ಬಂದೋನು ಅಂದ್ರೆ ಕೈಗೆ ಕತ್ತಿ ಯಾರು ಕೊಡ್ತಾರೆ? ಇದೇ ಜಿಲ್ಲೆಯೋನು ಅಂದ್ರೆ ಕೊಡ್ತಾರೆ. ಅದೇ ಊರೋನು ಅಂದ್ರೆ ಯಾರ ಪೈಕಿ ಅಂತ ಕೇಳಿ ಸಿಗಾಕ್ಸಿ ಹಾಕ್ತಾರೆ. ಅದಕ್ಕೇ ಯಾವಾಗ್ಲೂ ಇದೇ ಜಿಲ್ಲೆ, ಬ್ಯಾರೆ ಊರು."

"ಆಹಾ!" ಎಂದ ಒಬ್ಬ ಕುರಿಗಾಹಿ, ಮನಸಾರೆ. ಆಮೇಲೆ ಏನೋ ಹೊಳೆದು, "ಹಂಗಾದ್ರೆ ನೀನು ಚನ್ನಗಿರಿಯೋನಲ್ಲ?" ಎಂದ.

"ಇವರು ಜಗಳೂರೋರಲ್ಲ," ಎಂದು ಸಾಹೇಬರು ನನ್ನ ಕಡೆ ಬೆರಳು ತೋರಿಸಿ ಪಾರಾದರು.

ಶುಕ್ರವಾರ ಇಡೀ ವೃತ್ತಾಂತವನ್ನು ಡಾಕ್ಟರಮ್ಮನಿಗೆ ಒಪ್ಪಿಸಿದೆ. ಅವರು ಈ ಸಲ ನಗಲಿಲ್ಲ. "ಇದು ಚಿಕಿತ್ಸೆ ಅಲ್ಲ ಸರ್, ಪತ್ತೇದಾರಿಕೆ. ಅವರು ಹೆದರಿಕೊಂಡು ಕಾರ್ಡ್ ತೆಗೆದರಲ್ಲ, ಅದು ನಿಮ್ಮಿಂದ. ಸೋಮವಾರ ಮೊದಲು ಆ ಹುಡುಗಿಗೆ ನೀವೇ ಹೇಳಿ, ಕ್ಷಮೆ ಕೇಳಿ. ಅವಳು ಒಪ್ಪಿದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಕೂರಿಸಿ ಬಾಯಿ ಮುಚ್ಚಿಕೊಂಡಿರಿ." ಬೈಗುಳ ನ್ಯಾಯವಾಗಿತ್ತು. ತಲೆಯಾಡಿಸಿದೆ, ಅಷ್ಟು ದಿನದ ಅಭ್ಯಾಸ ಆಗ ಕೆಲಸಕ್ಕೆ ಬಂತು.

ಸೋಮವಾರ ಹುಡುಗಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವಳು ನಡುವೆ ಬಾಯಿಗೆ ದುಪಟ್ಟಾ ಒತ್ತಿಕೊಂಡು, "ಬಸ್ಸಿನಾಗೆ ಈಳಿಗಿಮಣೆ?" ಎಂದು ಎರಡು ಸಲ ಕೇಳಿದಳು. ಕ್ಷಮೆ ಮಂಜೂರಾಯಿತು. ಸಾಹೇಬರು ಮಗಳನ್ನು ಬಿಡಲು ಬಂದು ಹೊರಗೆ ಗಾಡಿಯ ಹತ್ತಿರ ನಿಂತಿದ್ದರು, ಅವಳೇ ಒಳಗೆ ಕರೆದಳು. ಮೂರನೆಯ ಕುರ್ಚಿ ಇಲ್ಲದ್ದರಿಂದ ನಾನು ಕಿಟಕಿಯ ಕಟ್ಟೆಯ ಮೇಲೆ ಕೂತೆ.

ಸಾಹೇಬರು ಮೇಜಿನ ಮೇಲಿದ್ದ ಕಾಗದ ಕತ್ತರಿಸುವ ಕತ್ತಿಯನ್ನು ಹೆಬ್ಬೆರಳಿಂದ ಸವರಿ, ಮುಖ ಕಿವುಚಿ, ಕೆಳಗಿಟ್ಟರು. ಹುಡುಗಿ ಅಪ್ಪನ ಕಡೆ ತಿರುಗಿದಳು.

"ಅಬ್ಬಾ, ನಮ್ಮೂರು ಯಾವುದು?"

ಸಾಹೇಬರು ಮಗಳನ್ನು ನೋಡಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ನನ್ನ ಮುಖ ನೋಡಿದರು, ನನ್ನ ಮುಖ ಅಳೆದರು, ಲೆಕ್ಕ ಹಾಕಿದರು. "ಇಲ್ಲೇ ಸಾರ್," ಎಂದರು, "ಹೊನ್ನಾ..."

ಮಗಳು ನಕ್ಕುಬಿಟ್ಟಳು. ಕುರ್ಚಿಯಿಂದ ಜಾರುವಂತೆ, ಹೊಟ್ಟೆ ಹಿಡಿದುಕೊಂಡು. ಸಾಹೇಬರು ಅರ್ಧ ಹೊನ್ನಾಳಿಯಲ್ಲೇ ನಿಂತರು. ಅವರ ಗಡ್ಡ ಅಲುಗಿತು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಆಪ್ತಸಮಾಲೋಚಕನಾದವನು ಇಂಥ ಸಂದರ್ಭದಲ್ಲಿ ನಗಬಹುದೇ ಎಂಬ ಬಗ್ಗೆ ನಿಯಮವೇನೂ ನೆನಪಾಗಲಿಲ್ಲ; ಕಿಟಕಿಯ ಸರಳು ಹಿಡಿದುಕೊಂಡು ನಾನೂ ನಕ್ಕೆ. ಪಕ್ಕದ ಕೊಠಡಿಯ ನರ್ಸಮ್ಮ ಬಂದು ಇಣುಕಿ, ಮೂವರಲ್ಲಿ ರೋಗಿ ಯಾರೆಂದು ತಿಳಿಯದೆ ಹೋದರು.

ನಗು ಇಳಿದ ಮೇಲೆ ಹು‍ಡುಗಿ ಕಣ್ಣೊರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು. "ಮತ್ತೆ ನನ್ನ ಒಬ್ಬಳನ್ನೇ ಯಾಕೆ ರೈಲು ಹತ್ತಿಸ್ತೀರಿ?"

ಸಾಹೇಬರು ನನಗೆ ಹೇಳುವವರಂತೆ ಮಾತಾಡಿದರು. "ನಾನು ಬಂದಾಗ ನನಗೂ ಇವಳಷ್ಟೇ ವಯಸ್ಸು ಸಾರ್. ಚಾಚಾನ ಜೋಡಿ ಬಂದೆ. ಮೊದಲ ದಿನ ಒಬ್ಬ ಯಜಮಾನ್ರು ಊರು ಕೇಳಿದ್ರು, ನಿಜ ಹೇಳ್ದೆ. ಕೊಟ್ಟಿದ್ದ ಕತ್ತರೀನ ನನ್ನ ಕೈಯಿಂದ ವಾಪಸ್ ತಗೊಂಡ್ರು. ಬೈಲಿಲ್ಲ, ಏನಿಲ್ಲ. ಸುಮ್ನೆ ತಗೊಂಡ್ರು. ಅವತ್ತಿಂದ ಈ ಆಟ. ಆದ್ರೆ ನನಗೆ ಮನಸ್ನಾಗೆ ಒಂದು ಊರೈತೆ ಸಾರ್. ಸುಳ್ಳು ಹೇಳಿದ್ರೂ ಯಾವುದು ಸುಳ್ಳು ಅಂತ ಗೊತ್ತೈತೆ. ಇವಳಿಗೆ ಅದೂ ಇಲ್ದಂಗೆ ಆಗ್ತೈತೇನೋ ಅಂತ ಹೆದರಿಕಿ. ಅಲ್ಲಿ ಎರಡು ವರ್ಷ ಇದ್ರೆ ಒಂದು ಊರಾದ್ರೂ ಆದೀತು ಅಂದ್ಕೊಂಡೆ."

"ನನಗೆ ಊರಿಲ್ಲ ಅಂತ ಯಾರು ಹೇಳಿದ್ರು?" ಎಂದಳು ಮಗಳು. "ನಿಮಗೆ ನಾಲ್ಕೂ ಸುಳ್ಳು ಅಬ್ಬಾ. ನನಗೆ ನಾಲ್ಕೂ ಖರೆ." ಎಂದವಳೇ ನನ್ನ ಮೇಜಿನಿಂದ ನಾಲ್ಕು ಫೈಲು ಎಳೆದುಕೊಂಡಳು. ಒಂದರ ಮೇಲೊಂದು ಜೋಡಿಸಿ, ಫೈಲಿನ ದಾರ ಬಿಚ್ಚಿ, ನಾಲ್ಕಕ್ಕೂ ಸೇರಿಸಿ ಬಿಗಿಯಾಗಿ ಕಟ್ಟಿದಳು. ಮೇಲಿನ ನಮೂನೆಯ ಮೂರನೆಯ ಕಾಲಮ್ಮಿನಲ್ಲಿದ್ದುದನ್ನು ಹೊಡೆದುಹಾಕಿ ಬಸ್ಸಿನ ಬೋರ್ಡಿನಂತೆ ಬರೆದಳು: "ಚನ್ನಗಿರಿ. ಮಾರ್ಗ: ಹೊನ್ನಾಳಿ, ನ್ಯಾಮತಿ, ಜಗಳೂರು." ಆ ಮಾರ್ಗದಲ್ಲಿ ಯಾವ ಬಸ್ಸೂ ಓಡುವುದಿಲ್ಲ, ಓಡಿದರೆ ಮೊದಲು ಅದರ ಡ್ರೈವರನೇ ನನ್ನ ಕೊಠಡಿಗೆ ಬರಬೇಕಾಗುತ್ತದೆ. ಕಾಲಮ್ಮಿನಲ್ಲಿ ಜಾಗ ಸಾಲದೆ "ಜಗಳೂರು" ಇರುವೆಯಷ್ಟಾಗಿತ್ತು. ಸಾಹೇಬರು ಅದನ್ನು ಓದಿದರು. ಓದಿ, ಆ ಪುಟ್ಟ ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟು, ಅಲಗು ಸವರುವಂತೆ ಒಮ್ಮೆ ಸವರಿದರು.

ಹೆಡ್‌ಮಾಸ್ತರರಿಗೆ ನಾನು ಉತ್ತರ ಬರೆದೆ: "ಸದರಿ ವಿದ್ಯಾರ್ಥಿನಿಯನ್ನು ಪರಿಶೀಲಿಸಲಾಗಿ, ಹೇಳಿದ ನಾಲ್ಕೂ ಊರುಗಳು ಸತ್ಯವೆಂದು ಕಂಡುಬಂದಿರುತ್ತದೆ. ಆಕೆಯೊಂದಿಗೆ ಕನ್ನಡದಲ್ಲಿಯೇ ಮಾತಾಡುವಂತೆ, ಮುಖ್ಯವಾಗಿ ಪಿ.ಟಿ. ಶಿಕ್ಷಕರಿಗೆ, ಸೂಚಿಸಲು ಕೋರಿದೆ."

ಪರೀಕ್ಷೆ ಮುಗಿಯಿತು. ಬೇಸಿಗೆ ರಜೆಗೆ ರೈಲಿನ ಟಿಕೆಟ್ ಬಂತೆಂದು ಕೇಳಿ, ನಾಲ್ಕು ಫೈಲಿನ ಕಟ್ಟು ವ್ಯರ್ಥವಾಯಿತೆಂದುಕೊಂಡೆ. ಸಾಹೇಬರು ಕೊಠಡಿಯ ಬಾಗಿಲಿಗೆ ಬಂದು ಅದನ್ನು ತೋರಿಸಿದರು. ಅದೇ ಪ್ಲಾಸ್ಟಿಕ್ ಕವರಿನಿಂದ ತೆಗೆದು. ಹೋಗುವುದಕ್ಕೊಂದು, ಬರುವುದಕ್ಕೊಂದು. "ದಾದಿನ ನೋಡ್ಕೊಂಡು ಬರ್ಲಿ ಸಾರ್. ಸ್ಕೂಲು ಶುರುವಾಗೋದ್ರಾಗೆ ಬಂದ್ಬಿಡ್ತಾಳೆ." ಹೊರಡುವಾಗ ಮೇಜಿನ ಮೇಲಿನ ಕಾಗದದ ಕತ್ತಿಯನ್ನು ಕೇಳದೆ ತೆಗೆದುಕೊಂಡು ಹೋಗಿ, ಹರಿತ ಮಾಡಿ ತಂದಿಟ್ಟರು. ನಮ್ಮ ಮನೆಯ ಈಳಿಗೆಮಣೆಗೆ ಮಾತ್ರ ಇನ್ನು ಚಕ್ರ ತೋರಿಸಕೂಡದೆಂದು ತಾಕೀತು ಮಾಡಿದರು.

ಜೂನಿನ ಮೊದಲ ಸೋಮವಾರ ಹುಡುಗಿ ಬಂದಳು. ಹತ್ತನೆಯ ತರಗತಿಯ ಹೊಸ ಪುಸ್ತಕಗಳು, ಹೊಸ ಬ್ಯಾಗು, ಮುಖದಲ್ಲಿ ಎರಡು ದಿನದ ರೈಲಿನ ಧೂಳು. ಈ ಸಲ ಕುರ್ಚಿಯ ತುದಿಯಲ್ಲಲ್ಲ, ಬೆನ್ನೊರಗಿಸಿ ಕುಳಿತಳು.

"ಹೆಂಗಿತ್ತಮ್ಮ ಅಲ್ಲಿ?"

"ಎಲ್ರೂ ಅದನ್ನೇ ಕೇಳಿದ್ರು ಸಾರ್, ಯಾವೂರು ಅಂತ. ಚನ್ನಗಿರಿ ಅಂದೆ. ಅದೆಲ್ಲೈತೆ ಅಂದ್ರು. ಹೊನ್ನಾಳಿ ಹತ್ರ ಅಂದೆ. ಅದೆಲ್ಲೈತೆ ಅಂದ್ರು. ನ್ಯಾಮತಿ ಹತ್ರ ಅಂದೆ. ಅದಾದ್ರೂ ಎಲ್ಲೈತೆ ಅಂದ್ರು. ಜಗಳೂರು ಹತ್ರ ಅಲ್ಲ, ಆದ್ರೆ ಜಗಳೂರೂ ನಮ್ದೇ ಅಂದೆ."

"ಹೂಂ, ಆಮೇಲೆ?"

"ಆಮೇಲೆ ಏನು ಸಾರ್, ಅವ್ರಿಗೇ ಸುಸ್ತಾತು. ಕುಂಡ್ರು ಅಂದು ನೀರು ಕೊಟ್ರು."